ಕಾದಂಬರಿಯ ಸರ್ವಾಧಿಕಾರವೂ ಇಂದಿನ ಸರ್ಕಾರಗಳೂ: ಕಣ್ಗಾವಲು ಯಾರ ಮೇಲೆ?

ಜಾರ್ಜ್ ಆರ್ವೆಲ್ ಅವರ ‘1984’ರಂತಹ ಡಿಸ್ಟೋಪಿಯನ್ (ಭೀಕರ ಸಮಾಜವನ್ನು ಕಲ್ಪಿಸುವ) ಕಾದಂಬರಿಗಳಲ್ಲಿ ಬರುವ ಸರ್ವಾಧಿಕಾರ ಇಂದಿನ ಸರ್ಕಾರಗಳಲ್ಲಿ ನಿಜವಾಗಿಬಿಟ್ಟಿದೆಯೇ, ಅಥವಾ ಹಾಗೆನ್ನುವುದು ಉತ್ಪ್ರೇಕ್ಷೆಯೇ ಎಂದು ಕೇಳಿದ್ದೀರಿ, ಅದಕ್ಕೆ ಅತ್ಯಂತ ಹತ್ತಿರವಿರುವ ದೇಶ ಯಾವುದು ಎಂದೂ ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಉತ್ತರ ಸುಲಭ, ಅದು ಉತ್ತರ ಕೊರಿಯಾ. ಮೊದಲನೆಯದಕ್ಕೆ ಹೌದು ಅಥವಾ ಇಲ್ಲ ಎಂದು ಹೇಳಲು ನನ್ನಿಂದ ಆಗುವುದಿಲ್ಲ, ಏಕೆಂದರೆ ನಾವು ಸಾಮಾನ್ಯವಾಗಿ ಈ ಹೋಲಿಕೆಯನ್ನು ಮಾಡುವ ಕ್ರಮವೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಯ ಗೋಡೆಯ ಮೇಲೆ ‘1984’ರಲ್ಲಿರುವಂತೆ ಮನೆಯವರನ್ನು ಗಮನಿಸುವ ಟೆಲಿಸ್ಕ್ರೀನ್ ಎಂಬ ಪರದೆ ಇದೆಯೇ ಎಂದು ನೋಡುತ್ತೇವೆ, ಇಲ್ಲವೆಂದು ಕಂಡೊಡನೆ ಸಮಾಧಾನಪಡುತ್ತೇವೆ. ಇಂದಿನ ಕಣ್ಗಾವಲು ಮೊದಲು ಬೀಳುವುದು ಇಂತಹ ಪ್ರಶ್ನೆಯನ್ನು ಕೇಳುವ ಬಿಡುವಾಗಲಿ ಧ್ವನಿಯಾಗಲಿ ಇಲ್ಲದವರ ಮೇಲೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಈ ಕಾದಂಬರಿಗಳನ್ನು ಭವಿಷ್ಯವಾಣಿ ಎಂದು ಓದುವುದು ವಾಡಿಕೆಯಾಗಿದೆ, ಆದರೆ ಅವು ತಮ್ಮ ಕಾಲದಲ್ಲಿ ಕಣ್ಣೆದುರಿಗಿದ್ದುದನ್ನೇ ತುದಿ ಮುಟ್ಟುವವರೆಗೆ ಎಳೆದು ತೋರಿಸಿದ ಕೃತಿಗಳು. ಯೆವ್ಗೆನಿ ಜಮ್ಯಾತಿನ್ ಗಾಜಿನ ಮನೆಗಳ ನಗರವನ್ನು ಕಲ್ಪಿಸಿ ‘ನಾವು’ ಎಂಬ ಅರ್ಥದ ಹೆಸರಿನ ಕಾದಂಬರಿಯನ್ನು ಬರೆದದ್ದು 1920-21ರಲ್ಲಿ, ರಷ್ಯಾದ ಕ್ರಾಂತಿಯ ಬಿಸಿ ಆರುವ ಮುನ್ನ. ಅದು ಸೋವಿಯತ್ ಒಕ್ಕೂಟದೊಳಗೆ ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು. ‘1984’ರ ನಾಯಕ ವಿನ್‌ಸ್ಟನ್ ಸ್ಮಿತ್‌ನ ಉದ್ಯೋಗವನ್ನು ನೆನಪಿಸಿಕೊಳ್ಳಿ. ಆಳುವ ಪಕ್ಷದ ಇಂದಿನ ಮಾತಿಗೆ ಹೊಂದುವಂತೆ ಹಳೆಯ ಪತ್ರಿಕೆಗಳನ್ನು ತಿದ್ದಿ ಬರೆಯುವುದು, ಮೂಲ ಪ್ರತಿಯನ್ನು ಬೆಂಕಿಗೆ ಕಳಿಸುವುದು ಅವನ ದಿನನಿತ್ಯದ ಕೆಲಸ. ಆ ಕಾದಂಬರಿ ಬಂದದ್ದು 1949ರ ಜೂನ್‌ನಲ್ಲಿ, ಆರ್ವೆಲ್ ತೀರಿಕೊಂಡದ್ದು 1950ರ ಜನವರಿಯಲ್ಲಿ. ನಾಲ್ಕು ವರ್ಷಗಳ ಬಳಿಕ ‘ಮಹಾ ಸೋವಿಯತ್ ವಿಶ್ವಕೋಶ’ದ ಚಂದಾದಾರರಿಗೆ ಅಂಚೆಯಲ್ಲಿ ಕೆಲವು ಹೊಸ ಪುಟಗಳು ಬಂದವು. ಪೊಲೀಸ್ ವ್ಯವಸ್ಥೆಯ ಮುಖ್ಯಸ್ಥನಾಗಿದ್ದ ಲವ್ರೆಂಟಿ ಬೆರಿಯಾ 1953ರಲ್ಲಿ ಬಂಧಿತನಾಗಿ ಗುಂಡಿಗೆ ಬಲಿಯಾಗಿದ್ದ; ಅವನ ಕುರಿತ ಲೇಖನವಿರುವ ಪುಟಗಳನ್ನು ಸಂಪುಟದಿಂದ ಕತ್ತರಿಸಿ ತೆಗೆದು, ಅಲ್ಲಿ ಬೇರಿಂಗ್ ಸಮುದ್ರ ಮುಂತಾದ ವಿಷಯಗಳಿರುವ ಈ ಪುಟಗಳನ್ನು ಅಂಟಿಸಿಕೊಳ್ಳಿ ಎಂಬ ಸೂಚನೆ ಅವುಗಳ ಜೊತೆಗಿತ್ತು. ಕಾದಂಬರಿಯಲ್ಲಿ ಈ ಕೆಲಸವನ್ನು ಸಂಬಳದ ನೌಕರ ಕಚೇರಿಯಲ್ಲಿ ಕೂತು ಮಾಡುತ್ತಾನೆ. ವಾಸ್ತವದಲ್ಲಿ ಪುಸ್ತಕ ಕೊಂಡವನೇ ತನ್ನ ಮನೆಯಲ್ಲಿ, ತನ್ನ ಕೈಯಿಂದಲೇ ಅದನ್ನು ಮಾಡಬೇಕಾಯಿತು. ಆರ್ವೆಲ್ ಅವರ ಕಲ್ಪನೆ ಅಷ್ಟು ದೂರ ಹೋಗಿರಲಿಲ್ಲ.

ಉತ್ತರ ಕೊರಿಯಾದ ವಿಚಾರದಲ್ಲಿ ಹೋಲಿಕೆಗೆ ಹೆಚ್ಚಿನ ವಿವರಣೆ ಬೇಕಿಲ್ಲ. ರೇಡಿಯೊಗಳನ್ನು ಸರ್ಕಾರಿ ವಾಹಿನಿಗಳಿಗೇ ಕಟ್ಟಿಹಾಕಲಾಗುತ್ತದೆ, ಅಜ್ಜ ಮುತ್ತಜ್ಜಂದಿರ ರಾಜಕೀಯ ನಿಷ್ಠೆಯ ಲೆಕ್ಕದಲ್ಲಿ ಮೊಮ್ಮಕ್ಕಳ ಶಿಕ್ಷಣ, ಉದ್ಯೋಗ, ವಾಸದ ಊರು ನಿರ್ಧಾರವಾಗುತ್ತವೆ, ಒಬ್ಬನ ರಾಜಕೀಯ ಅಪರಾಧಕ್ಕೆ ಇಡೀ ಕುಟುಂಬ ಸೆರೆ ಶಿಬಿರ ಸೇರುತ್ತದೆ. ಅಲ್ಲಿಯ ಮಾನವ ಹಕ್ಕು ಉಲ್ಲಂಘನೆಗಳಿಗೆ ಸಮಕಾಲೀನ ಜಗತ್ತಿನಲ್ಲಿ ಸಾಟಿಯಿಲ್ಲ ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ 2014ರಲ್ಲೇ ಹೇಳಿದೆ.

ಉಳಿದ ದೇಶಗಳ ವಿಷಯಕ್ಕೆ ಬಂದಾಗಲೇ ‘1984’ರ ಒಂದು ವಿವರ ಮುಖ್ಯವಾಗುತ್ತದೆ, ಓದುಗರು ಅದನ್ನು ಹೆಚ್ಚಾಗಿ ಮರೆತಿರುತ್ತಾರೆ. ಆ ರಾಜ್ಯದಲ್ಲಿ ಎಡೆಬಿಡದ ಕಣ್ಗಾವಲು ಇರುವುದು ಪಕ್ಷದ ಸದಸ್ಯರ ಮೇಲೆ. ಜನಸಂಖ್ಯೆಯ ಶೇ. 85ರಷ್ಟಿರುವ ದುಡಿಯುವ ಬಡವರನ್ನು ಪಕ್ಷ ಬಹುಮಟ್ಟಿಗೆ ಅವರ ಪಾಡಿಗೆ ಬಿಟ್ಟಿದೆ, ಅವರಲ್ಲಿ ಬಹುಪಾಲು ಜನರ ಮನೆಯಲ್ಲಿ ಟೆಲಿಸ್ಕ್ರೀನ್ ಕೂಡ ಇಲ್ಲ. ಇಂದು ನಾನು ಕಾಣುತ್ತಿರುವುದು ಇದರ ತಿರುವು ಮುರುವು.

ಚೀನಾದ ಶಿನ್‌ಜಿಯಾಂಗ್ ಪ್ರದೇಶವನ್ನು ನೋಡಿ. ಅಲ್ಲಿಯ ಪೊಲೀಸರು ಬಳಸುತ್ತಿದ್ದ ಮೊಬೈಲ್ ಆ್ಯಪ್ ಒಂದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಬಿಡಿಸಿ ಪರಿಶೀಲಿಸಿ 2019ರಲ್ಲಿ ವರದಿ ಪ್ರಕಟಿಸಿತು. ನೆರೆಹೊರೆಯವರೊಡನೆ ಬೆರೆಯದಿರುವುದು, ಮುಂಬಾಗಿಲನ್ನು ಹೆಚ್ಚಾಗಿ ಬಳಸದಿರುವುದು, ವಿದ್ಯುತ್ತನ್ನು ಅತಿಯಾಗಿ ಬಳಸುವುದು, ಇವೆಲ್ಲ ಅದರಲ್ಲಿ ಅನುಮಾನದ ಕುರುಹುಗಳಾಗಿದ್ದವು. ಹಿತ್ತಲ ಬಾಗಿಲಿನಿಂದ ಹೊರಟರೆ ವಿಚಾರಣೆಗೆ ಗುರಿಯಾಗಬಹುದಾದ ಬದುಕನ್ನು ಯೋಚಿಸಿ ನೋಡಿ. ಉಯಿಘರ್ ಮತ್ತಿತರ ಮುಸ್ಲಿಂ ಸಮುದಾಯಗಳ ಮೇಲೆ ನಡೆದಿರುವುದು ಮಾನವತೆಯ ವಿರುದ್ಧದ ಅಪರಾಧವಾಗಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರಲ್ಲಿ ಹೇಳಿತು. ಇದೇ ದೇಶದ ಬಗ್ಗೆ, ಪ್ರತಿಯೊಬ್ಬ ಪ್ರಜೆಗೂ ಸರ್ಕಾರ ಒಂದು ಅಂಕ ಕೊಟ್ಟು ಆಳುತ್ತದೆ ಎಂಬ ಕಥೆ ಬಹಳ ಹಬ್ಬಿದೆ. ಅಂತಹ ರಾಷ್ಟ್ರವ್ಯಾಪಿ ಏಕೈಕ ಅಂಕ ಇಲ್ಲ. ಇರುವುದು ನ್ಯಾಯಾಲಯದ ತೀರ್ಪನ್ನು ಪಾಲಿಸದವರಿಗೆ ವಿಮಾನ ಮತ್ತು ವೇಗದ ರೈಲುಗಳ ಟಿಕೆಟ್ ನಿರಾಕರಿಸುವ ಕಪ್ಪುಪಟ್ಟಿಯಂತಹ ಬಿಡಿ ಬಿಡಿ ವ್ಯವಸ್ಥೆಗಳು. ಕಾದಂಬರಿಯಂತೆ ಕೇಳಿಸುವ ಕಥೆಯನ್ನು ಜನ ತಕ್ಷಣ ನಂಬುತ್ತಾರೆ, ಶಿನ್‌ಜಿಯಾಂಗ್‌ನ ದಾಖಲಿತ ಸಂಗತಿಗಳು ಅಷ್ಟು ದೂರ ತಲುಪುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಈಗ ಪ್ರಜಾಪ್ರಭುತ್ವವಿರುವ ಒಂದು ದೇಶ, ನೆದರ್ಲೆಂಡ್ಸ್. ಅಲ್ಲಿಯ ತೆರಿಗೆ ಇಲಾಖೆ ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ವಂಚನೆ ನಡೆದಿದೆ ಎಂದು ಸಾವಿರಾರು ಪೋಷಕರ ಮೇಲೆ ತಪ್ಪಾಗಿ ಆರೋಪ ಹೊರಿಸಿತು. ಅರ್ಜಿಯಲ್ಲಿ ಸಣ್ಣ ದೋಷವಿದ್ದರೂ ಕೊಟ್ಟ ಹಣವನ್ನೆಲ್ಲ ಹಿಂದಿರುಗಿಸಬೇಕೆಂದು ಪಟ್ಟು ಹಿಡಿಯಿತು, ಕುಟುಂಬಗಳು ಸಾಲದಲ್ಲಿ ಮುಳುಗಿದವು, ವಲಸೆಯ ಹಿನ್ನೆಲೆಯವರು ಹೆಚ್ಚಾಗಿ ಸಿಕ್ಕಿಬಿದ್ದರು. ಅಲ್ಲಿ ‘1984’ರ ಸರ್ವಾಧಿಕಾರಿ ಬಿಗ್ ಬ್ರದರ್ ಇರಲಿಲ್ಲ, ಯಾರನ್ನೂ ತುಳಿಯಬೇಕೆಂದು ಯಾರೂ ಹೊಂಚು ಹಾಕಿರಲಿಲ್ಲ. ಆದರೂ ಅಂತಹ ನೋಟಿಸು ಕೈಗೆ ಬಂದ ತಾಯಿಯೊಬ್ಬಳಿಗೆ, ತಾನು ಏನು ತಪ್ಪು ಮಾಡಿದ್ದೇನೆಂದು ಯಾರೂ ಹೇಳದ ಆ ಸ್ಥಿತಿಯಲ್ಲಿ, ಸರ್ಕಾರ ಸರ್ವಾಧಿಕಾರಿಯಂತೆ ಕಾಣದೆ ಮತ್ತೆ ಹೇಗೆ ಕಾಣಲು ಸಾಧ್ಯ? ಮುಂದೆ ಸಂಸತ್ತು ವಿಚಾರಣೆ ನಡೆಸಿತು, 2021ರ ಜನವರಿಯಲ್ಲಿ ಇಡೀ ಸಚಿವ ಸಂಪುಟ ರಾಜೀನಾಮೆ ಕೊಟ್ಟಿತು. ನ್ಯಾಯ ಬಹಳ ತಡವಾಗಿ ಬಂತು, ಪೂರ್ತಿಯಾಗಿಯೂ ಬರಲಿಲ್ಲ. ಆದರೆ ಸರ್ಕಾರವನ್ನು ಕೇಳುವ, ಅದನ್ನು ಉತ್ತರಿಸುವಂತೆ ಮಾಡುವ ಸಂಸ್ಥೆಗಳು ಜೀವಂತವಾಗಿದ್ದವು. ಶಿನ್‌ಜಿಯಾಂಗ್‌ನವರಿಗೆ ಇಲ್ಲದೆ ಹೋದದ್ದು ಅದೇ. ಅಮೆರಿಕದಲ್ಲಿಯೂ ಹೀಗೆಯೇ ಆಯಿತು: ಕೋಟ್ಯಂತರ ಜನರ ದೂರವಾಣಿ ಕರೆಗಳ ವಿವರಗಳನ್ನು ಸರ್ಕಾರ ಸಗಟಾಗಿ ಸಂಗ್ರಹಿಸುತ್ತಿದ್ದುದನ್ನು ಗುಪ್ತಚರ ಸಂಸ್ಥೆಯ ಗುತ್ತಿಗೆ ನೌಕರರಾಗಿದ್ದ ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಬಯಲಿಗೆಳೆದರು, 2015ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಅದು ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು.

ಸಂಸ್ಥೆಗಳು ಹೆಸರಿಗೆ ಮಾತ್ರ ಉಳಿದಾಗ ಏನಾಗುತ್ತದೆ ಎಂಬುದಕ್ಕೆ ರಷ್ಯಾ ನಿದರ್ಶನ. ಅಲ್ಲಿ ಚುನಾವಣೆ ಇದೆ, ನ್ಯಾಯಾಲಯ ಇದೆ, ಸ್ಥಳೀಯ ಮಂಡಳಿಗಳಿವೆ. ಮಾಸ್ಕೋದ ಒಂದು ಜಿಲ್ಲಾ ಮಂಡಳಿಯ ಸಭೆಯಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆಯ ಪ್ರಸ್ತಾಪ ಬಂದಾಗ, ಉಕ್ರೇನಿನಲ್ಲಿ ಮಕ್ಕಳು ಸಾಯುತ್ತಿರುವ ಹೊತ್ತಿನಲ್ಲಿ ಇದನ್ನು ನಡೆಸುವುದಾದರೂ ಹೇಗೆ ಎಂದು ಸದಸ್ಯ ಅಲೆಕ್ಸಿ ಗೊರಿನೊವ್ ಕೇಳಿದರು. ಸೇನೆಯ ಬಗ್ಗೆ ಸುಳ್ಳು ಹಬ್ಬಿಸಿದರೆಂಬ ಆರೋಪದ ಮೇಲೆ, 2022ರ ಮಾರ್ಚ್‌ನಲ್ಲಿ ತಂದ ಹೊಸ ಕಾನೂನಿನಡಿ, ಅದೇ ಜುಲೈನಲ್ಲಿ ಅವರಿಗೆ ಏಳು ವರ್ಷಗಳ ಜೈಲು ಶಿಕ್ಷೆಯಾಯಿತು. ಇಲ್ಲಿ ‘1984’ರಲ್ಲಿ ಬರುವ, ಮನಸ್ಸಿನ ಆಲೋಚನೆಗೇ ಶಿಕ್ಷಿಸುವ ಆಲೋಚನಾ ಪೊಲೀಸರು ಬೇಕಾಗಲಿಲ್ಲ. ಸಾಮಾನ್ಯ ಪೊಲೀಸರು, ಸಾಮಾನ್ಯ ನ್ಯಾಯಾಧೀಶರು ಸಾಕಾದರು.

ಕಾದಂಬರಿಗೂ ವಾಸ್ತವಕ್ಕೂ ಇರುವ ಅತಿ ದೊಡ್ಡ ವ್ಯತ್ಯಾಸವನ್ನೂ ಹೇಳಬೇಕು. ಆರ್ವೆಲ್ ಅವರ ಪಕ್ಷ ಎಡವುವುದಿಲ್ಲ, ತಾನು ಶಾಶ್ವತವೆಂದು ಹೇಳಿಕೊಳ್ಳುತ್ತದೆ. ಪೂರ್ವ ಜರ್ಮನಿಯ ಸ್ಟಾಸಿ ಎಂಬ ಗುಪ್ತ ಪೊಲೀಸ್ ಪಡೆಯಲ್ಲಿ 1989ರಲ್ಲಿ ಸುಮಾರು 91,000 ಪೂರ್ಣಾವಧಿ ನೌಕರರಿದ್ದರು, ಅವರ ಜೊತೆಗೆ ನೆರೆಯವರ ಮೇಲೆ, ಸ್ನೇಹಿತರ ಮೇಲೆ ವರದಿ ಕೊಡುವ ಒಂದೂವರೆ ಲಕ್ಷಕ್ಕೂ ಹೆಚ್ಚು ಗುಪ್ತ ಮಾಹಿತಿದಾರರಿದ್ದರು. ಆಗ ಆ ದೇಶದ ಜನಸಂಖ್ಯೆ ಸುಮಾರು 1.6 ಕೋಟಿ. ಅಷ್ಟೆಲ್ಲ ಇದ್ದೂ ಆ ವ್ಯವಸ್ಥೆ ಕೆಲವೇ ತಿಂಗಳಲ್ಲಿ ಕುಸಿಯಿತು. ನೌಕರರು ಕಡತಗಳನ್ನು ಹರಿದು ನಾಶಮಾಡತೊಡಗಿದಾಗ ಜನರೇ ನುಗ್ಗಿ ಕಚೇರಿಗಳನ್ನು ವಶಪಡಿಸಿಕೊಂಡರು, 1992ರ ಜನವರಿಯಿಂದ ಪ್ರತಿಯೊಬ್ಬರಿಗೂ ತಮ್ಮ ಕಡತವನ್ನು ತಾವೇ ಓದುವ ಹಕ್ಕು ಸಿಕ್ಕಿತು.

ಈ ಹಕ್ಕನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ, ಏಕೆಂದರೆ ಪ್ರಜಾಪ್ರಭುತ್ವಗಳಲ್ಲೂ ಅದು ತಾನಾಗಿ ಸಿಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲೇ, ಬಡ ಬಡಾವಣೆಗಳಲ್ಲಿ ವಂಚಕರನ್ನು ಮೊದಲೇ ಗುರುತಿಸಲು ಬಳಸುತ್ತಿದ್ದ ‘ಸಿರಿ’ (SyRI) ಎಂಬ ಇನ್ನೊಂದು ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಯನ್ನು ಹೇಗ್ ನಗರದ ನ್ಯಾಯಾಲಯ 2020ರ ಫೆಬ್ರುವರಿಯಲ್ಲಿ ತಡೆಯಿತು. ಯಾವ ಲೆಕ್ಕಾಚಾರದಿಂದ ಒಬ್ಬ ವ್ಯಕ್ತಿ ಅನುಮಾನಕ್ಕೆ ಗುರಿಯಾಗುತ್ತಾನೆ ಎಂಬುದನ್ನು ಸರ್ಕಾರ ಬಹಿರಂಗಪಡಿಸಿರಲಿಲ್ಲ, ತೀರ್ಪು ಕೊಟ್ಟ ನ್ಯಾಯಾಲಯಕ್ಕೂ ಅದನ್ನು ಪರಿಶೀಲಿಸಲು ಸಾಧ್ಯವಾಗಲಿಲ್ಲ.