ಎದುರಾಳಿಯೇ ಇಲ್ಲದೆ ರಂಗದ ಮೇಲೆ ಬಾಕ್ಸಿಂಗ್ ತೋರಿಸೋದು ಹೇಗೆ?

ಪ್ರಶ್ನೆ: ನಾನು ಹಾಸನದಲ್ಲಿ ಡಿಗ್ರಿ ಓದುತ್ತಿದ್ದೇನೆ. ಒಬ್ಬಳೇ ನಟಿಸುವ ನಾಟಕ ಬರೆದಿದ್ದೇನೆ. ಒಬ್ಬ ಬಾಕ್ಸರ್ ಹುಡುಗಿ. ಬಾಕ್ಸಿಂಗ್ ಕಲಿಸಿದ ಅಣ್ಣ ತೀರಿಕೊಂಡಿದ್ದಾನೆ, ಅಷ್ಟರಲ್ಲೇ ಟೂರ್ನಿ ಬರುತ್ತೆ. ಕೊನೆಯಲ್ಲಿ ಅಣ್ಣನ ದನಿ ಕೇಳಿಸುತ್ತೆ, ಅವಳು ಗೆಲ್ಲುತ್ತಾಳೆ. ನನಗೆ ಬಾಕ್ಸಿಂಗ್ ಬರಲ್ಲ. ಎದುರಾಳಿ ಇಲ್ಲದೆ ಹೊಡೆದಾಟ ತೋರಿಸೋದು ಹೇಗೆ? ಇಡೀ ನಾಟಕ ಬರೀ ಅಳು ಆಗದ ಹಾಗೆ ನೋಡಿಕೊಳ್ಳೋದು ಹೇಗೆ?

ಉತ್ತರ:

ನಾನು ಕಾಲೇಜಿನಲ್ಲಿದ್ದಾಗ ಬಾಕ್ಸಿಂಗ್ ಆಡುತ್ತಿದ್ದೆ. ಈಗ ಚಿಕ್ಕಮಗಳೂರಿನಲ್ಲಿ ಕೆಲಸ, ಸಂಜೆ ಹೊತ್ತು ಹವ್ಯಾಸಿ ತಂಡದ ಜೊತೆ ನಾಟಕ. ಹೆಚ್ಚುಕಡಿಮೆ ನಿಮ್ಮ ಕಥೆಯಂಥದ್ದನ್ನೇ ನಾವೂ ಆಡಿಸಿದ್ದೆವು. ಆ ಅನುಭವದ ಮೇಲೆ ಹೇಳುತ್ತೇನೆ.

ಮೊದಲು ಎದುರಾಳಿಯ ಯೋಚನೆ ಬಿಡಿ. ಅವಳನ್ನು ತೋರಿಸೋದು ಅಂಥ ಕಷ್ಟ ಏನಲ್ಲ, ಆಮೇಲೆ ಹೇಳುತ್ತೇನೆ. ನಿಮ್ಮ ನಾಟಕದಲ್ಲಿ ನಿಜವಾಗಿ ಇಲ್ಲದವನು ಅಣ್ಣ. ಬಾಕ್ಸಿಂಗ್ ನೋಡೋಕೆ ಒಬ್ಬೊಬ್ಬರ ಆಟ, ಆದರೆ ಒಬ್ಬರೇ ಮಾಡೋಕೆ ಆಗದ ಕೆಲಸಗಳು ಅದರಲ್ಲಿ ಲೆಕ್ಕವಿಲ್ಲದಷ್ಟಿವೆ. ಎರಡೂ ಕೈಗೆ ಗ್ಲೌಸ್ ಹಾಕಿದ ಮೇಲೆ ನೀರಿನ ಬಾಟಲಿ ಮುಚ್ಚಳ ತೆಗೆಯೋಕಾಗಲ್ಲ. ಹಲ್ಲು ಕಾಯೋಕೆ ಬಾಯಲ್ಲಿ ಕಚ್ಚಿಕೊಂಡಿರುವ ಗಮ್ ಶೀಲ್ಡ್ ಸಲೀಸಾಗಿ ತೆಗೆಯೋಕಾಗಲ್ಲ. ಮೂಗು ಸುರಿದರೆ ಭುಜಕ್ಕೆ ಉಜ್ಜಿಕೊಳ್ಳಬೇಕು. ಕಣ್ಣೀರು ಬಂದರೂ ಅಷ್ಟೇ. ಒಂದು ಗ್ಲೌಸ್ ಹಾಕಿಕೊಂಡ ಮೇಲೆ ಇನ್ನೊಂದರ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯಬೇಕು, ಇಲ್ಲಾ ಯಾರಾದರೂ ಹಾಕಿಕೊಡಬೇಕು. ಹೊಡೆತ ಅಭ್ಯಾಸ ಮಾಡುವಾಗ ಎದುರಿಗೆ ನಿಂತು ಪ್ಯಾಡ್ ಹಿಡಿಯೋದಕ್ಕಂತೂ ಇನ್ನೊಬ್ಬರು ಬೇಕೇ ಬೇಕು.

ಈ ಎಲ್ಲಾ ಕೆಲಸ ಇಷ್ಟು ದಿನ ಅಣ್ಣ ಮಾಡುತ್ತಿದ್ದ ಅಂತ ಇಟ್ಟುಕೊಳ್ಳಿ. ಈಗ ಅವನಿಲ್ಲ, ರಂಗದ ಮೇಲೂ ನೀವೊಬ್ಬಳೇ. ನಿಮ್ಮ ಕಥೆಗೆ ಏಕವ್ಯಕ್ತಿ ಅನ್ನೋ ರೂಪ ಒಪ್ಪುವುದೇ ಇದಕ್ಕೆ. ಬೇರೆ ನಟರು ಸಿಗಲಿಲ್ಲ ಅಂತ ಒಬ್ಬಳೇ ಮಾಡುತ್ತಿರುವ ಹಾಗೆ ಕಾಣಲ್ಲ.

ಹಾಗಾಗಿ ಶುರುವಿನಲ್ಲೇ ಕೈಗೆ ಬ್ಯಾಂಡೇಜ್ ಸುತ್ತುವುದನ್ನು ಪೂರ್ತಿ ತೋರಿಸಿ. ನಾಲ್ಕೂವರೆ ಮೀಟರ್ ಉದ್ದದ ಬಟ್ಟೆ ಪಟ್ಟಿ ಸಿಗುತ್ತೆ, ಅದನ್ನೇ ತನ್ನಿ. ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿನ ಮೇಲೆ, ಬೆರಳ ಸಂದಿಯಲ್ಲಿ, ಮತ್ತೆ ಮಣಿಕಟ್ಟಿಗೆ. ಬಿಗಿ ಜಾಸ್ತಿ ಆದರೆ ಬೆರಳು ಜೋಮು ಹಿಡಿಯುತ್ತೆ, ಸಡಿಲ ಆದರೆ ಗ್ಲೌಸ್ ಒಳಗೆ ಉಂಡೆಯಾಗುತ್ತೆ. ಎಡಗೈಯನ್ನು ಬಲಗೈ ಸಲೀಸಾಗಿ ಸುತ್ತುತ್ತೆ. ಬಲಗೈಯನ್ನು ಸುತ್ತುವಾಗ ಎಡಗೈ ತಡವರಿಸುತ್ತೆ, ಪಟ್ಟಿಯ ತುದಿ ಕೆಳಗೆ ಬಿಚ್ಚಿಕೊಂಡು ಬೀಳುತ್ತೆ. ಆ ಕಡೆ ತುದಿಯನ್ನು ಇಷ್ಟು ದಿನ ಅಣ್ಣ ಹಿಡಿದುಕೊಂಡು ನಿಲ್ಲುತ್ತಿದ್ದ ಅಂತ ಬಾಯಿಬಿಟ್ಟು ಹೇಳಬೇಡಿ. ಪಟ್ಟಿ ಬೀಳಲಿ, ಎತ್ತಿಕೊಳ್ಳಿ, ಮತ್ತೆ ಬೀಳಲಿ. ಎರಡನೇ ಸಲ ಬಿದ್ದಾಗ ಜನಕ್ಕೆ ತಾನಾಗಿಯೇ ಗೊತ್ತಾಗುತ್ತೆ. ನಮ್ಮ ಪ್ರದರ್ಶನದಲ್ಲಿ ಮುಂದಿನ ಸಾಲಿನ ಒಬ್ಬ ಅಜ್ಜಿ ಈ ಜಾಗದಲ್ಲಿ ಎದ್ದು ಬಂದು ಹಿಡಿಯೋಕೆ ಹೋಗಿದ್ದರು. ಪಕ್ಕದವರು ಸೆರಗು ಜಗ್ಗಿ ಕೂರಿಸಿದರು!

ಈಗ ಮಾತು. ಗಮ್ ಶೀಲ್ಡ್ ಬಾಯಲ್ಲಿದ್ದರೆ ಮಾತು ಸ್ಪಷ್ಟವಾಗಿ ಬರಲ್ಲ. ಇದನ್ನೇ ನಿಯಮ ಮಾಡಿಕೊಳ್ಳಿ: ಅದು ಬಾಯಲ್ಲಿದ್ದಾಗ ಡೈಲಾಗ್ ಇಲ್ಲ, ಹೊರಗೆ ಬಂದಾಗ ಮಾತ್ರ ಮಾತು. ಇಂಥ ಟೂರ್ನಿಯಲ್ಲಿ ಮಹಿಳೆಯರ ಒಂದು ಬೌಟ್ (ಪಂದ್ಯ) ಅಂದರೆ ಮೂರು ಮೂರು ನಿಮಿಷದ ಮೂರು ರೌಂಡ್, ಮಧ್ಯೆ ಒಂದೊಂದು ನಿಮಿಷ ಬಿಡುವು. ಎಲ್ಲಾ ಸೇರಿ 11 ನಿಮಿಷ. ಆ ಒಂದು ನಿಮಿಷದ ಬಿಡುವಿನಲ್ಲೇ ನಿಮ್ಮ ಮಾತೆಲ್ಲ ಇರಲಿ. ಮನೆ, ಅಮ್ಮ, ಆಸ್ಪತ್ರೆ, ಸಾಲ, ಏನೇ ಇದ್ದರೂ ಏದುಸಿರಿನಲ್ಲಿ, ಗಂಟೆ ಹೊಡೆಯೋದರೊಳಗೆ ಹೇಳಿ ಮುಗಿಸಬೇಕು. ಗಂಟೆ ಹೊಡೆದರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತೆ. ಅಳು ಜಾಸ್ತಿ ಆಗುತ್ತೆ ಅನ್ನೋ ನಿಮ್ಮ ಭಯಕ್ಕೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಗೊತ್ತಿಲ್ಲ. ಅಳೋಕೆ ಅವಳಿಗೆ ಪುರುಸೊತ್ತೇ ಇರಲ್ಲ.

ಇಡೀ ನಾಟಕವನ್ನು 11 ನಿಮಿಷಕ್ಕೆ ಇಳಿಸಿ ಅಂತಲ್ಲ. 50 ನಿಮಿಷದ ನಾಟಕದಲ್ಲಿ ಇಂಥ ಬಿಡುವುಗಳು ಬೇಕಾದಷ್ಟು ಸಿಗುತ್ತವೆ, ಪ್ರಾಕ್ಟೀಸ್ ರೌಂಡ್ ಇರುತ್ತಲ್ವಾ. ಕಡೆಯ ಒಂದು ರೌಂಡನ್ನು ಮಾತ್ರ ಗಡಿಯಾರ ಇಟ್ಟು ಪೂರ್ತಿ ಮೂರು ನಿಮಿಷ ಆಡಿ. ಮೂರು ನಿಮಿಷ ಏನು ಮಹಾ ಅನ್ನಿಸುತ್ತೆ. ಮನೆಯಲ್ಲಿ ಕೈ ಕೆಳಗಿಳಿಸದೆ ಒಂದು ನಿಮಿಷ ಗಾಳಿಗೆ ಹೊಡೆದು ನೋಡಿ, ಗೊತ್ತಾಗುತ್ತೆ!

ಇನ್ನು ಎದುರಾಳಿ. ಅವಳು ಇರೋದು ನಿಮ್ಮ ಕಣ್ಣಲ್ಲಿ. ಅವಳು ನಿಮಗಿಂತ ಎಷ್ಟು ಎತ್ತರ ಅಂತ ಮೊದಲೇ ತೀರ್ಮಾನ ಮಾಡಿ, ಆ ಎತ್ತರದಿಂದ ಕಣ್ಣು ಆಚೀಚೆ ಆಗಬಾರದು. ನಾಲ್ಕು ಬೆರಳು ಮೇಲಿದ್ದರೆ ಸಾಕು, ಅವಳು ಬಲವಾದವಳು ಅಂತ ಜನ ತಾವೇ ಅಂದುಕೊಳ್ಳುತ್ತಾರೆ. ನೋಟ ಪ್ರೇಕ್ಷಕರ ಕಡೆಗೇ ಇರಲಿ, ಪಕ್ಕಕ್ಕಲ್ಲ. ಏಟು ತಿನ್ನುವಾಗ ನಮ್ಮ ಹುಡುಗಿ ಗ್ಲೌಸನ್ನು ತನ್ನ ಎದೆಗೇ ಬಡಿದುಕೊಂಡು ಸದ್ದು ಮಾಡುತ್ತಿದ್ದಳು, ತಲೆ ಅದೇ ಕ್ಷಣಕ್ಕೆ ಹಿಂದಕ್ಕೆ. ಸದ್ದು ಮತ್ತು ತಲೆ ಸ್ವಲ್ಪ ಹಿಂದೆಮುಂದೆ ಆದರೂ ಸಭೆ ನಗುತ್ತೆ. ಹೊಡೆಯುವಾಗ ಮೂಗಿನಿಂದ ಉಸಿರು ಚುಯ್ಯ್ ಅಂತ ಹೊರಗೆ ಬರಬೇಕು.

ಬಾಕ್ಸಿಂಗ್ ಬರಲ್ಲ ಅಂದಿರಿ. ಎಲ್ಲವನ್ನೂ ಕಲಿಯಬೇಕಾಗಿಲ್ಲ. ನಿಲ್ಲುವ ರೀತಿ, ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ), ಕ್ರಾಸ್ (ಹಿಂದಿನ ಕೈಯ ನೇರ ಹೊಡೆತ), ಒಂದು ಹುಕ್ (ಮೊಣಕೈ ಮಡಚಿ ಪಕ್ಕದಿಂದ ಹೊಡೆಯೋದು). ಇಷ್ಟನ್ನು ಒಬ್ಬ ಕೋಚ್ ಹತ್ತಿರ ಸರಿಯಾಗಿ ಕಲಿಯಿರಿ, ಮೊಬೈಲ್ ವಿಡಿಯೋ ನೋಡಿಕೊಂಡಲ್ಲ. ಬಾಕ್ಸಿಂಗ್ ಗೊತ್ತಿರೋರು ನೋಡೋದು ಹೊಡೆತವನ್ನಲ್ಲ, ಹೊಡೆದ ಕೈ ಎಲ್ಲಿಗೆ ಹೋಗುತ್ತೆ ಅಂತ. ಅದು ನೆಟ್ಟಗೆ ಗಲ್ಲದ ಹತ್ತಿರ ವಾಪಸ್ ಬರಬೇಕು. ಸಿನಿಮಾ ಹೊಡೆದಾಟದಲ್ಲಿ ಕೈ ಸೊಂಟದ ಹತ್ತಿರ ಜೋತಾಡುತ್ತಿರುತ್ತೆ, ಅಲ್ಲೇ ಸುಳ್ಳು ಸಿಕ್ಕಿಬೀಳೋದು.

ಒಂದು ತಕರಾರು ನಿಮ್ಮ ನಾಟಕದ ಮೇಷ್ಟ್ರಿಂದಲೇ ಬರಬಹುದು. ಬಾಕ್ಸರ್ ಗಲ್ಲ ಇಳಿಸಿ ಮುಖ ಮುಚ್ಚಿಕೊಳ್ಳುತ್ತಾಳೆ, ನಟಿಗೆ ಮುಖ ತೋರಿಸು ಅಂತ ಹೇಳಿಕೊಟ್ಟಿರುತ್ತಾರೆ. ಅದರ ಮೇಲೆ ತಲೆ ಕಾಯೋ ಹೆಡ್‌ಗಾರ್ಡ್ ಬೇರೆ. ಗಂಡಸರ ದೊಡ್ಡ ಟೂರ್ನಿಗಳಲ್ಲಿ 2013ರಿಂದ ಅದನ್ನು ತೆಗೆದರು, ಆದರೆ ಆಮೇಲೂ ಹೆಂಗಸರಿಗೆ ಉಳಿಸಿದರು. ಈ ಜಗಳದಲ್ಲಿ ನಾನು ಬಾಕ್ಸರ್ ಕಡೆ. ರೌಂಡ್ ನಡೆಯುವಾಗ ಮುಖ ಕಾಣದಿದ್ದರೆ ಕಾಣದಿರಲಿ. ಬಿಡುವಿನಲ್ಲಿ ಹೆಡ್‌ಗಾರ್ಡ್ ಅಡಿಯಿಂದ ಆ ಬೆವರಿದ ಮುಖ ಮೇಲೆದ್ದಾಗ ಅದಕ್ಕೆ ಬೆಲೆ ಬರುತ್ತೆ.

ಸಂಗೀತಕ್ಕೆ ರೆಕಾರ್ಡ್ ಹಾಕಬೇಡಿ ಅಂತ ನನ್ನ ಸಲಹೆ. ನಿಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡಿಸೋದು ನೋಡಿರುತ್ತೀರಿ. ಭೀಮ ದುರ್ಯೋಧನರ ಗದೆ ಒಂದಕ್ಕೊಂದು ತಾಗುವುದೇ ಅಪರೂಪ, ಏಟೆಲ್ಲ ಬೀಳೋದು ತಬಲಾದ ಮೇಲೆ. ನಮ್ಮ ಜನಕ್ಕೆ ಈ ಭಾಷೆ ಚೆನ್ನಾಗಿ ಗೊತ್ತು. ಹಾಗಾಗಿ ಪಕ್ಕದಲ್ಲಿ ಒಬ್ಬರೇ ಒಬ್ಬರು ತಮಟೆಯವರು ಸಾಕು. ತಮಟೆ ಜಾತ್ರೆಗೂ ಬಡಿಯುತ್ತೆ, ಹೆಣದ ಮುಂದೆಯೂ ಬಡಿಯುತ್ತೆ. ಟ್ರೈನಿಂಗ್ ಗತ್ತು ನಡೆಯುತ್ತಿರುವಾಗಲೇ ಅದು ಎರಡೇ ಎರಡು ಆವರ್ತ ಸಾವಿನ ಬಡಿತಕ್ಕೆ ತಿರುಗಿ ವಾಪಸ್ ಬಂದರೆ ಹುಡುಗಿಯ ಕಾಲು ತಪ್ಪುತ್ತೆ. ಅದಕ್ಕೆ ಮಾತಿನ ಹಂಗಿಲ್ಲ. ಆದರೆ ಒಂದು ವಿಷಯ: ಸಾವಿನ ಬಡಿತ ಬಾರಿಸಲ್ಲ ಅಂತ ಕಲಾವಿದರು ಅಂದರೆ ಒತ್ತಾಯ ಮಾಡಬೇಡಿ. ಆ ಬಡಿತವನ್ನು ತಲೆಮಾರುಗಳಿಂದ ಯಾರ ಹೆಗಲಿಗೆ ಕಟ್ಟಿದ್ದಾರೆ ಅಂತ ನಿಮಗೂ ಗೊತ್ತಲ್ವಾ. ಮೊದಲೇ ಕೇಳಿಕೊಳ್ಳಿ, ಸಂಭಾವನೆಯನ್ನೂ ಮೊದಲೇ ಮಾತಾಡಿ.

ಕಥೆಗೆ ಬರೋಣ. ನಿಮ್ಮ ಕಥೆಯಲ್ಲಿ ಇನ್ನೂ ತೂಕ ಬಂದಿಲ್ಲ, ತಕ್ಕಡಿಯ ತೂಕ. ಟೂರ್ನಿಯಲ್ಲಿ ಬೌಟ್ ಇರುವ ಪ್ರತಿ ದಿನ ಬೆಳಗ್ಗೆ ತೂಕ ನೋಡುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಅವರನ್ನು 100 ಗ್ರಾಂ ಜಾಸ್ತಿ ಅಂತ ಫೈನಲ್‌ನಿಂದ ಹೊರಗಿಟ್ಟಿದ್ದು ಕುಸ್ತಿಯಲ್ಲಿ, ಆದರೂ ತೂಕ ಅಂದರೇನು ಅಂತ ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಪ್ಯಾರಿಸ್‌ನಲ್ಲಿ ಮಹಿಳಾ ಬಾಕ್ಸಿಂಗ್‌ನ ಅತಿ ಕಡಿಮೆ ತೂಕದ ವರ್ಗ 50 ಕೆ.ಜಿ. ನಿಖತ್ ಜರೀನ್ ಆಡಿದ್ದು ಅದರಲ್ಲೇ. ನಿಮ್ಮ ಹುಡುಗಿಗೂ ಅದೇ ಇರಲಿ. ನಮ್ಮ ಕಡೆ ಕಾಫಿ ರೇಟ್ ಹೇಳೋದೂ 50 ಕೆ.ಜಿ. ಮೂಟೆ ಲೆಕ್ಕದಲ್ಲೇ. ಅಣ್ಣ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸಕ್ಕಿದ್ದ, ಮೂಟೆ ತೂಗುವ ಮಷಿನ್ ಮೇಲೆ ತಂಗಿಯನ್ನು ನಿಲ್ಲಿಸಿ ತೂಕ ನೋಡುತ್ತಿದ್ದ ಅಂತ ಮಾಡಿದರೆ ನಿಮಗೆ ರಂಗದ ಮೇಲೆ ಬಳಸೋಕೆ ಒಂದು ಒಳ್ಳೆ ಪ್ರಾಪರ್ಟಿ ಸಿಕ್ಕಿತು, ಅಣ್ಣನೂ ಒಬ್ಬ ಮನುಷ್ಯನಾದ.

ಈಗ ಆ ತೂಕವನ್ನು ಸಾವಿನ ಮನೆಗೆ ತನ್ನಿ. ಹನ್ನೊಂದನೇ ದಿನದ ಕಾರ್ಯ, ಮನೆ ತುಂಬಾ ನೆಂಟರು, ಅಣ್ಣನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಟ್ಟಿದ್ದಾರೆ. ಮಾರನೇ ದಿನ ಬೆಳಗ್ಗೆ ತೂಕ. ಇವಳು ಊಟ ಮಾಡೋ ಹಾಗಿಲ್ಲ. ದೊಡ್ಡಮ್ಮ ಸುಮ್ನಿರುತ್ತಾರಾ? "ತೂಕವಂತೆ ತೂಕ. ಒಡಹುಟ್ಟಿದೋನ ಎಡೆ ಮುಂದೆ ಕೂತು ಒಂದು ತುತ್ತು ತಿನ್ನಕ್ಕಾಗಲ್ವೇನೇ ನಿಂಗೆ?" ಸೂತಕ ಕಳೆಯೋ ತನಕ ಅಖಾಡಕ್ಕೆ ಇಳೀಬೇಡ ಅನ್ನೋರು ಬೇರೆ. ನೋಡಿ, ಇಲ್ಲಿ ದುಃಖ ಅನ್ನೋ ಮಾತನ್ನು ಯಾರೂ ಆಡಿಲ್ಲ. ಒಂದು ಲಾಡು ತಿನ್ನಬೇಕಾ ಬೇಡವಾ ಅನ್ನೋದಷ್ಟೇ. ನಿಮ್ಮ ನಾಟಕದ ದೊಡ್ಡ ಬೌಟ್ ಇದೇ ಅಂತ ನನಗನ್ನಿಸುತ್ತೆ, ರಿಂಗ್‌ನಲ್ಲಿ ನಡೆಯೋದಲ್ಲ. ದೊಡ್ಡಮ್ಮನ ದನಿಯನ್ನು ನೀವೇ ತಿರುಗಿ ತಿರುಗಿ ಅನುಕರಣೆ ಮಾಡಬೇಡಿ, ಮಿಮಿಕ್ರಿ ಆಗುತ್ತೆ. ಆ ಮಾತನ್ನು ಹುಡುಗಿ ತನ್ನ ದನಿಯಲ್ಲೇ ಹೇಳಲಿ.

ಕೊನೆಯಲ್ಲಿ ಅಣ್ಣನ ದನಿ ಬರೋದು ತೆಗೆದುಬಿಡಿ. ದಯವಿಟ್ಟು. ಸ್ಪೀಕರ್‌ನಿಂದ ಸತ್ತವರು ಮಾತಾಡಿದ ತಕ್ಷಣ ಇಷ್ಟು ಹೊತ್ತು ಖಾಲಿಯಿದ್ದ ಜಾಗ ತುಂಬಿಹೋಗುತ್ತೆ. ಪಟ್ಟಿ ಕೆಳಗೆ ಬಿದ್ದಿದ್ದಕ್ಕೂ ಅರ್ಥ ಉಳಿಯಲ್ಲ.

ಗೆಲ್ಲೋದರ ಬಗ್ಗೆ: ಗೆದ್ದಳೋ ಸೋತಳೋ ಅನ್ನೋದನ್ನು ಮೊದಲ ಐದು ನಿಮಿಷದಲ್ಲೇ ಹೇಳಿಬಿಡಿ. ಐವರು ಜಡ್ಜ್‌ಗಳಲ್ಲಿ ಇಬ್ಬರು ಇವಳ ಕಡೆ, ಮೂವರು ಆ ಕಡೆ, ಸೋತಳು, ಮುಗೀತು. ಬಾಕ್ಸಿಂಗ್‌ನಲ್ಲಿ ಇದು ದಿನನಿತ್ಯದ ಮಾತು. ಕೊನೆಯವರೆಗೆ ಕಾದಿಟ್ಟರೆ ಜನ ಮೆಡಲ್‌ಗೆ ಕಾಯುತ್ತಾರೆ, ಅಣ್ಣ ಮರೆತುಹೋಗುತ್ತಾನೆ. ಫಲಿತಾಂಶ ಗೊತ್ತಿದ್ದರೆ ಅವರು ಹುಡುಗಿಯನ್ನು ನೋಡುತ್ತಾರೆ. ಸಭೆಗೆ ಚಪ್ಪಾಳೆ ಬೇಕಲ್ವಾ ಅಂತ ನಿಮ್ಮ ಗೆಳತಿಯರು ಅನ್ನಬಹುದು. ಕಡೆಯ ಮೂರು ನಿಮಿಷ ನಿಜವಾಗಿ ಆಡಿದರೆ ಚಪ್ಪಾಳೆ ಬಂದೇ ಬರುತ್ತೆ, ಅದರ ಚಿಂತೆ ಬೇಡ.

ಜಾಗ ಯಾವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಾಸನಾಂಬ ಕಲಾಕ್ಷೇತ್ರ ದೊಡ್ಡದು. ಪೌರಾಣಿಕ ನಾಟಕಕ್ಕೆ, ಸಮಾರಂಭಕ್ಕೆ ಸರಿ. ಬೆರಳ ಸಂದಿಯಲ್ಲಿ ಪಟ್ಟಿ ಹೋಗೋದು ಹಿಂದಿನ ಸಾಲಿಗೆ ಕಾಣಲ್ಲ. ನಿಮ್ಮ ಕಾಲೇಜಿನ ಯಾವುದಾದರೂ ಹಾಲ್‌ನಲ್ಲಿ ಬೆಂಚು ಸರಿಸಿ, ಮೂರು ಕಡೆ ಜನರನ್ನು ನೆಲದ ಮೇಲೆ ಕೂರಿಸಿ ಆಡಿ. ರಿಂಗ್‌ಗೆ ಹಗ್ಗ ಕಟ್ಟೋದು ಬೇಡ, ಸುಣ್ಣದಲ್ಲಿ ಚೌಕ ಎಳೆದರೆ ಸಾಕು. ಪಂಚಿಂಗ್ ಬ್ಯಾಗ್ ಮೇಲಿಂದ ತೂಗುಹಾಕುವ ಆಸೆ ಬಿಡಿ, ಲೈಟ್ ಕಟ್ಟುವ ಪೈಪ್‌ಗೆ ಆ ಭಾರ ಹಾಕೋಕೆ ಯಾವ ಹಾಲ್‌ನವರೂ ಒಪ್ಪಲ್ಲ, ಒಪ್ಪಲೂಬಾರದು. ನೆಲ ಸಿಮೆಂಟ್ ಆದರೆ ಮ್ಯಾಟ್ ಹಾಸಿ, ಮೊಣಕಾಲು ನಿಮ್ಮದು.

ದಿನಾಂಕ ಇಡುವಾಗ ದೀಪಾವಳಿ ಹತ್ತಿರದ ದಿನಗಳನ್ನು ಬಿಟ್ಟುಬಿಡಿ. ಹಾಸನಾಂಬೆಯ ಬಾಗಿಲು ತೆರೆದಾಗ ನಿಮ್ಮ ಊರಿನಲ್ಲಿ ಬಸ್ಸಿಂದ ಇಳಿಯೋಕೂ ಜಾಗ ಇರಲ್ಲ, ನಾಟಕಕ್ಕೆ ಯಾರು ಬರುತ್ತಾರೆ? ಪರೀಕ್ಷೆ ಮುಗಿದ ವಾರ ನೋಡಿ. ಅಷ್ಟರಲ್ಲಿ ಕೈಗೆ ಪಟ್ಟಿ ಸುತ್ತೋದು ರೂಢಿಯಾಗಿರುತ್ತೆ. ಸ್ಕ್ರಿಪ್ಟ್ ತಿದ್ದಿದ ಮೇಲೆ ಆ ಹನ್ನೊಂದನೇ ದಿನದ ದೃಶ್ಯ ಒಂದನ್ನು ಇಲ್ಲೇ ಹಾಕಿ, ಓದಿ ಹೇಳುತ್ತೇನೆ.