ನನ್ನ ಬ್ಲಾಗಿನ ಫೀಡ್ ಎಲ್ಲಿದೆ?

ಪ್ರಶ್ನೆ: ಮೂರು ತಿಂಗಳಿಂದ ವರ್ಡ್‌ಪ್ರೆಸ್‌ನಲ್ಲಿ ಬ್ಲಾಗ್ ಬರೆಯುತ್ತಿದ್ದೇನೆ. "ಆರ್‌ಎಸ್‌ಎಸ್ ಫೀಡ್ ಇದೆಯಾ?" ಎಂದು ಓದುಗರೊಬ್ಬರು ಕೇಳಿದರು. ಏನು ಹೇಳಬೇಕೋ ತೋಚಲಿಲ್ಲ. ಅದನ್ನು ಮಾಡುವುದು ಹೇಗೆ? ಈಗಲೂ ಅದು ಬೇಕಾ?

ಉತ್ತರ: ಇದೆ ಅಂತ ಹೇಳಿಬಿಡಿ. ಆರ್‌ಎಸ್‌ಎಸ್ ಫೀಡ್ ಅಂದರೆ ನಿಮ್ಮ ಹೊಸ ಬರಹಗಳ ಪಟ್ಟಿ, ಆ್ಯಪ್‌ಗಳು ಓದಿಕೊಳ್ಳುವಂಥದ್ದು. ಮೂರು ತಿಂಗಳಿಂದ ಅದು ನಿಮಗೆ ಗೊತ್ತಿಲ್ಲದೆಯೇ ಕೆಲಸ ಮಾಡುತ್ತಿದೆ. ಬ್ಲಾಗ್ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ, ಇಂಗ್ಲಿಷಿನಲ್ಲಿ 'ಫೀಡ್' ಎಂದು ಟೈಪ್ ಮಾಡಿ ನೋಡಿ. ಕೋಡ್ ತುಂಬಿದ ಪುಟವೊಂದು ತೆರೆದುಕೊಳ್ಳಬಹುದು, ಇಲ್ಲವೇ ಒಂದು ಫೈಲ್ ಡೌನ್‌ಲೋಡ್ ಆಗಬಹುದು. ಗಾಬರಿ ಬೇಡ, ಅದು ಮನುಷ್ಯರು ಓದಲಿ ಎಂದು ಇರುವುದಲ್ಲ. ಫೀಡ್ ರೀಡರ್ ಎಂಬ ಆ್ಯಪ್‌ಗಳು ಆಗಾಗ ಬಂದು "ಹೊಸದೇನಾದರೂ ಇದೆಯಾ?" ಎಂದು ಕೇಳುತ್ತವೆ. ಇಲ್ಲದಿದ್ದರೆ ನಿಮ್ಮ ಸರ್ವರ್ 304, ಅಂದರೆ 'ಏನೂ ಬದಲಾಗಿಲ್ಲ' ಎಂಬ ಪುಟ್ಟ ಉತ್ತರ ಕೊಟ್ಟು ಕಳಿಸಬಹುದು. ಇದ್ದರೆ ನಿಮ್ಮ ಬರಹ ಓದುಗರ ಪಟ್ಟಿಗೆ ಸೇರುತ್ತದೆ. ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎಂದು ನಡುವೆ ಯಾರೂ ತೀರ್ಮಾನಿಸುವುದಿಲ್ಲ.

2013ರ ಜುಲೈ 1ರಂದು ಗೂಗಲ್ ತನ್ನ ಫೀಡ್ ರೀಡರ್ ಆದ ಗೂಗಲ್ ರೀಡರನ್ನು ಮುಚ್ಚಿದಾಗ ಆರ್‌ಎಸ್‌ಎಸ್ ಕಥೆ ಮುಗಿಯಿತು ಎಂದು ತುಂಬಾ ಜನ ಬರೆದರು. ನಾನೂ ನಂಬಿ, ಬ್ಲಾಗಿನ ಮೂಲೆಯಲ್ಲಿದ್ದ ಕಿತ್ತಳೆ ಬಣ್ಣದ ಫೀಡ್ ಗುರುತನ್ನು ಕಿತ್ತುಹಾಕಿದ್ದೆ. ದಡ್ಡತನ. ಫೀಡ್ಲಿ, ಇನೋರೀಡರ್, ನೆಟ್‌ನ್ಯೂಸ್‌ವೈರ್ ಈ ರೀಡರ್‌ಗಳೆಲ್ಲ ಇವತ್ತಿಗೂ ಇವೆ. ಪಾಡ್‌ಕಾಸ್ಟ್‌ಗಳು ಓಡುತ್ತಿರುವುದೂ ಇದೇ ಆರ್‌ಎಸ್‌ಎಸ್ ಮೇಲೆ.

ನೀವು ಮಾಡಬೇಕಾದ್ದು ಒಂದೇ. ಸೆಟಿಂಗ್ಸ್‌ನ ರೀಡಿಂಗ್ ಪುಟಕ್ಕೆ ಹೋಗಿ. ಫೀಡಿನಲ್ಲಿ ಪೂರ್ತಿ ಬರಹ ಕೊಡಬೇಕೋ, ಸ್ವಲ್ಪ ಭಾಗ ಮಾತ್ರವೋ ಎಂದು ಅಲ್ಲಿ ಕೇಳುತ್ತದೆ. ಪೂರ್ತಿ ಕೊಡಿ. ಕದಿಯುತ್ತಾರೆ ಎಂಬ ಭಯಕ್ಕೆ ನಾನು ಎರಡು ವರ್ಷ ನಾಲ್ಕೇ ಸಾಲು ಕೊಡುತ್ತಿದ್ದೆ. ಕದಿಯುವವರು ಹೇಗಿದ್ದರೂ ಕದ್ದರು. "ಬಾಗಿಲವರೆಗೆ ಕರೆದು ಒಳಗೆ ಬಿಡಲ್ವಲ್ಲ ನೀವು" ಎಂದು ಓದುಗರೊಬ್ಬರು ಬರೆದ ಮೇಲೆ ಬದಲಾಯಿಸಿದೆ. ಕೊನೆಯ 10 ಬರಹ ತೋರಿಸುವ ಸಂಖ್ಯೆಯೂ ಅಲ್ಲೇ ಇದೆ, ಅದನ್ನು ಮುಟ್ಟಬೇಕಾಗಿಲ್ಲ.

ಪ್ರಶ್ನೆ: ಥೀಮ್ ಫೈಲಿನಲ್ಲಿ ಏನೋ ಸಣ್ಣದು ತಿದ್ದಿದೆ. ಬ್ಲಾಗ್ ಸರಿಯಾಗೇ ಕಾಣುತ್ತಿದೆ. ಆದರೆ ಫೀಡ್ ತೆರೆದರೆ 'ಎಕ್ಸ್‌ಎಂಎಲ್ ಎರರ್' ಬರುತ್ತಿದೆ. ಏನು ಮಾಡಲಿ?

ಉತ್ತರ: ಒಂದು ಖಾಲಿ ಸಾಲು ಹುಡುಕಿ. ತಮಾಷೆಗೆ ಹೇಳುತ್ತಿಲ್ಲ. ಎಕ್ಸ್‌ಎಂಎಲ್ ಅಂದರೆ ಫೀಡ್ ಬರೆದಿರುವ ಕೋಡ್ ಭಾಷೆ. ಫೀಡಿನ ಮೊದಲ ಸಾಲು 'ಇದು ಎಕ್ಸ್‌ಎಂಎಲ್' ಎಂಬ ಘೋಷಣೆ. ಅದಕ್ಕಿಂತ ಮೊದಲು ಒಂದು ಸ್ಪೇಸ್ ಕೂಡ ಇರಬಾರದು. ನೀವು ತಿದ್ದಿದ ಪಿಎಚ್‌ಪಿ ಫೈಲಿನ ಶುರುವಿನಲ್ಲೋ ಕೊನೆಯಲ್ಲೋ, ಕೋಡಿನ ಗುರುತಿನ ಆಚೆ, ಎಂಟರ್ ಒತ್ತಿದ ಖಾಲಿ ಸಾಲು ಉಳಿದಿರುತ್ತದೆ. ವೆಬ್ ಪುಟದಲ್ಲಿ ಅದನ್ನು ಬ್ರೌಸರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಕ್ಸ್‌ಎಂಎಲ್‌ಗೆ ಅಷ್ಟು ಉದಾರ ಮನಸ್ಸಿಲ್ಲ. ಇದೇ ಒಂದು ಖಾಲಿ ಸಾಲಿಗಾಗಿ ನಾನು ರಾತ್ರಿ ಎರಡರವರೆಗೆ ಕೂತಿದ್ದೆ. ಪ್ಲಗಿನ್‌ಗಳನ್ನೆಲ್ಲ ಒಂದೊಂದಾಗಿ ಆಫ್ ಮಾಡಿದ್ದೆ, ಸುಮ್ನೆ. ವೆಬ್‌ನ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿಯವರ ಫೀಡ್ ವ್ಯಾಲಿಡೇಟರ್ ಪುಟದಲ್ಲಿ ನಿಮ್ಮ ಫೀಡಿನ ವಿಳಾಸ ಹಾಕಿದರೆ ತಪ್ಪು ಎಷ್ಟನೇ ಸಾಲಿನಲ್ಲಿದೆ ಎಂದು ತೋರಿಸುತ್ತದೆ. ಅದು ಆಗ ನನಗೆ ಗೊತ್ತಿರಲಿಲ್ಲ.

ಪ್ರಶ್ನೆ: ಬ್ಲಾಗನ್ನು ಸ್ವಂತ ಡೊಮೇನ್‌ಗೆ ಸಾಗಿಸುತ್ತಿದ್ದೇನೆ. ಫೀಡ್ ಚಂದಾದಾರರು ತಪ್ಪಿಹೋಗುತ್ತಾರಾ?

ಉತ್ತರ: ನೀವು ಏನೂ ಮಾಡದಿದ್ದರೆ ತಪ್ಪಿಹೋಗುತ್ತಾರೆ, ಅದೂ ಸದ್ದಿಲ್ಲದೆ. ಫೀಡ್ ಬರುವುದು ನಿಂತಿತು ಎಂದು ಯಾರೂ ಪತ್ರ ಬರೆಯುವುದಿಲ್ಲ. ನೀವು ಬರೆಯುವುದು ಬಿಟ್ಟಿದ್ದೀರಿ ಅಂದುಕೊಳ್ಳುತ್ತಾರೆ, ಅಷ್ಟೇ.

ಹಳೆಯ ಫೀಡ್ ವಿಳಾಸದಿಂದ ಹೊಸದಕ್ಕೆ 301 ರಿಡೈರೆಕ್ಟ್ ಹಾಕಿ. 301 ಅಂದರೆ 'ಕಾಯಂ ಆಗಿ ಅಲ್ಲಿಗೆ ಹೋಗಿದ್ದಾರೆ' ಎಂದರ್ಥ. ಒಳ್ಳೆಯ ರೀಡರ್‌ಗಳು ಇದನ್ನು ನೋಡಿ ತಮ್ಮ ಪಟ್ಟಿಯಲ್ಲಿ ತಾವೇ ವಿಳಾಸ ಬದಲಿಸಿಕೊಳ್ಳುತ್ತವೆ. ಹಳೆಯ ವಿಳಾಸವನ್ನು ತಕ್ಷಣ ಬಿಟ್ಟುಕೊಡಬೇಡಿ. ಕನಿಷ್ಠ ಒಂದು ವರ್ಷ ಇರಲಿ.

ಇದಕ್ಕಿಂತ ಜಾಸ್ತಿ ಜನ ಎಡವುವ ಜಾಗ ಇನ್ನೊಂದಿದೆ. ಫೀಡಿನಲ್ಲಿ ಪ್ರತಿ ಬರಹಕ್ಕೂ 'ಗೈಡ್' ಎಂಬ ಗುರುತು ಇರುತ್ತದೆ. ಇಂಗ್ಲಿಷಿನಲ್ಲಿ ಜಿ-ಯು-ಐ-ಡಿ. ಇದನ್ನು ಓದಾಗಿದೆಯೋ ಇಲ್ಲವೋ ಎಂದು ರೀಡರ್‌ಗಳು ಸಾಮಾನ್ಯವಾಗಿ ಗೊತ್ತುಮಾಡಿಕೊಳ್ಳುವುದು ಇದರಿಂದಲೇ. ನೋಡಲು ವೆಬ್ ವಿಳಾಸದಂತಿರುವುದರಿಂದ ನಾನು ಡೇಟಾಬೇಸಿನಲ್ಲಿ ಹಳೆಯ ಡೊಮೇನ್ ಹೆಸರನ್ನು ತೆಗೆದು ಹೊಸದನ್ನು ಹಾಕುವಾಗ ಗೈಡ್ ಕಾಲಂ ಕೂಡ ಬದಲಾಯಿತು. ಮರುದಿನ ಬೆಳಿಗ್ಗೆ ಹತ್ತು ಹಳೆಯ ಬರಹಗಳು ಎಲ್ಲರ ರೀಡರ್‌ನಲ್ಲೂ ಹೊಸದಾಗಿ ಕೂತಿದ್ದವು. "ಬರೆಯೋಕೆ ಏನೂ ಸಿಗ್ತಿಲ್ವಾ?" ಎಂದು ಗೆಳೆಯನೊಬ್ಬ ಕೇಳಿದ. ಆ ಕಾಲಂ ಒಂದನ್ನು ಬಿಟ್ಟು ಉಳಿದದ್ದನ್ನು ಬದಲಿಸಿ.

ಪ್ರಶ್ನೆ: ನನ್ನ ಫೀಡಿಗೆ ಎಷ್ಟು ಜನ ಚಂದಾದಾರರಿದ್ದಾರೆ ಎಂದು ತಿಳಿಯುವುದು ಹೇಗೆ?

ಉತ್ತರ: ಪಕ್ಕಾ ಲೆಕ್ಕ ಸಿಗುವುದಿಲ್ಲ. ವೆಬ್‌ನಲ್ಲಿರುವ ರೀಡರ್ ಸೇವೆಗಳು ತಮ್ಮ ಓದುಗರೆಲ್ಲರ ಪರವಾಗಿ ತಾವೊಂದೇ ಬಂದು ಫೀಡ್ ಒಯ್ಯುತ್ತವೆ. ಕೆಲವು ತಮ್ಮ ಹೆಸರಿನ ಜೊತೆಗೇ ಇಷ್ಟು ಚಂದಾದಾರರು ಎಂದೂ ಹೇಳಿಕೊಳ್ಳುತ್ತವೆ. ಸರ್ವರ್ ಲಾಗ್, ಅಂದರೆ ಯಾರು ಬಂದು ಹೋದರು ಎಂಬ ದಾಖಲೆ, ತೆರೆದು ಹುಡುಕಿ, ಆ ಸಂಖ್ಯೆಗಳನ್ನು ಕೂಡಿದರೆ ಒಂದು ಅಂದಾಜು ಸಿಗುತ್ತದೆ. ತಮ್ಮ ಕಂಪ್ಯೂಟರಿನಲ್ಲೇ ರೀಡರ್ ಇಟ್ಟುಕೊಂಡವರು ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ.