ಅಂಗಡಿ ಮಾರಾಟವೂ ಚಂದಾದಾರರೂ: ಬ್ಲಾಗಿನ ಗಳಿಕೆ ಕುರಿತು ಓದುಗರೊಬ್ಬರಿಗೆ ಉತ್ತರ

ಶಿರಸಿ ಸೀಮೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: 2014ರಿಂದ ಅವರು ಕನ್ನಡದಲ್ಲಿ ಅಡುಗೆಯ ಬ್ಲಾಗ್ ನಡೆಸುತ್ತಿದ್ದಾರೆ, ಆರುನೂರಕ್ಕೂ ಮೇಲ್ಪಟ್ಟು ಬರಹಗಳಿವೆ, ಮೊದಲು ಹವ್ಯಾಸವಾಗಿದ್ದದ್ದು ಆಮೇಲೆ ಜಾಹೀರಾತಿನಿಂದ ಮಗಳ ಕಾಲೇಜು ಶುಲ್ಕ ಕಟ್ಟುವಷ್ಟು ಹಣ ತಂದಿತು, ಈಗ ಎರಡು ವರ್ಷದಿಂದ ಓದುಗರೂ ಹಣವೂ ಅರ್ಧಕ್ಕರ್ಧ ಇಳಿದಿವೆ. ಕೃತಕ ಬುದ್ಧಿಮತ್ತೆಯಿಂದ ದಿನಕ್ಕೆ ಮೂರು ಬರಹ ಬರೆಸಿ ಹಾಕಲೇ, ಬರವಣಿಗೆ ಬಿಟ್ಟು ಯೂಟ್ಯೂಬಿಗೆ ಹೋಗಲೇ, ಇಲ್ಲವೇ ಎಲ್ಲವನ್ನೂ ಇಂಗ್ಲಿಷಿಗೆ ಬದಲಿಸಲೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ನಿಮ್ಮ ಬ್ಲಾಗನ್ನು ಓದದೆ ಉಪದೇಶಕ್ಕಿಳಿಯುವುದು ಸರಿಯಲ್ಲವೆನಿಸಿ ಎರಡು ಸಂಜೆ ಅದರಲ್ಲೇ ಕಳೆದೆ. ಎರಡನೆಯ ಸಂಜೆ ನಿಮ್ಮ ಒಂದೆಲಗದ ತಂಬುಳಿಯನ್ನೂ ಮಾಡಿ ನೋಡಿದೆ. ಕಾಳುಮೆಣಸು ಒಂದು ಹೆಚ್ಚಾಯಿತು, ಅದು ನನ್ನ ಕೈಯ ದೋಷ.

ಪತ್ರಿಕೆಯವರಿಗೆ ಮಾರಾಟ ಎರಡು ಬಗೆಯದು. ಬಸ್ ನಿಲ್ದಾಣದ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದ ಪ್ರತಿಯನ್ನು ಯಾರೋ ಕೊಂಡು ಹೋಗುತ್ತಾರೆ. ಅವರು ಯಾರು, ಮುಂದಿನ ತಿಂಗಳು ಬರುತ್ತಾರೆಯೇ ಎಂಬುದು ನಮಗೆ ತಿಳಿಯುವುದಿಲ್ಲ. ಅಂಗಡಿಯವನಿಗೆ ಹೊಸ ಪತ್ರಿಕೆಯೊಂದು ಹೆಚ್ಚು ಕಮಿಷನ್ ಕೊಟ್ಟರೆ ನಮ್ಮದು ಗುಟ್ಕಾ ಮಾಲೆಯ ಹಿಂದಕ್ಕೆ ಸರಿಯುತ್ತದೆ. ಇನ್ನೊಂದು ಚಂದಾ. ನಮ್ಮ ಕಚೇರಿಯಲ್ಲಿ ಚಂದಾದಾರರ ವಿಳಾಸಗಳ ದಪ್ಪ ಪುಸ್ತಕವೊಂದಿದೆ. ಯಾರ ಮನೆ ಬದಲಾಯಿತು, ಯಾರ ಚಂದಾ ಮುಗಿಯಿತು ಎಂಬುದನ್ನು ಕೆಂಪು ಶಾಯಿಯಲ್ಲಿ ತಿದ್ದಿ ತಿದ್ದಿ ಅದರ ಅಂಚುಗಳು ಸವೆದಿವೆ. ಕೆಟ್ಟ ವರ್ಷಗಳಲ್ಲಿ ಪತ್ರಿಕೆ ಉಳಿದದ್ದು ಆ ಪುಸ್ತಕದಿಂದ. ನಿಮ್ಮ ಬ್ಲಾಗ್ ಇಷ್ಟು ವರ್ಷ ಅಂಗಡಿ ಮಾರಾಟದ ಮೇಲೆಯೇ ನಡೆದಿದೆ. ಅಂಗಡಿಯ ಹೆಸರು ಗೂಗಲ್. ವಿಳಾಸದ ಪುಸ್ತಕವನ್ನು ನೀವು ಇಟ್ಟೇ ಇಲ್ಲ.

ಅಂಗಡಿಗಳು ಬದಲಾಗುವುದು ಹೊಸದೇನಲ್ಲ. ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ಓದಲು ಜನ ನೆಚ್ಚಿಕೊಂಡಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು, ಮತ್ತು ಅದರ ಮೂಲಕವೇ ನಿತ್ಯ ಬರುತ್ತಿದ್ದ ಓದುಗರಲ್ಲಿ ಅನೇಕರು ಮತ್ತೆ ಬರಲಿಲ್ಲ. ಅದಕ್ಕೂ ಮೊದಲು, 2011ರ ಫೆಬ್ರವರಿಯಲ್ಲಿ, ಹುಡುಕಾಟದಲ್ಲಿ ಯಾವ ಪುಟ ಮೇಲೆ ಬರಬೇಕೆಂದು ತೀರ್ಮಾನಿಸುವ ಗೂಗಲಿನ ಹೊಸ ಲೆಕ್ಕಾಚಾರ, ಪಾಂಡಾ ಎಂಬ ಹೆಸರಿನದು, ಬಂದಾಗ ತೆಳು ಬರಹಗಳ ದೊಡ್ಡ ದೊಡ್ಡ ತಾಣಗಳು ಒಂದೇ ವಾರದಲ್ಲಿ ಕೆಳಗೆ ಬಿದ್ದವು. 2020ರ ಜೂನ್ 29ರ ರಾತ್ರಿ ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಲಕ್ಷಗಟ್ಟಲೆ ಹಿಂಬಾಲಕರಿದ್ದ ಹಳ್ಳಿಯ ಹುಡುಗ ಹುಡುಗಿಯರಿಗೆ ಅವರಲ್ಲಿ ಒಬ್ಬರನ್ನೂ ಜೊತೆಯಲ್ಲಿ ಕರೆದೊಯ್ಯಲು ದಾರಿಯಿರಲಿಲ್ಲ. ಬೇರೆಯವರ ಕಥೆಯೇಕೆ, ನಮ್ಮ ಪತ್ರಿಕೆಯೂ ಒಂದು ಸಾಮಾಜಿಕ ಜಾಲತಾಣದಲ್ಲಿ ಪುಟ ತೆರೆದು ಸಾವಿರಾರು ಜನರನ್ನು ಸೇರಿಸಿ ಬೀಗಿತ್ತು. ಒಂದು ಮಳೆಗಾಲ ಕಳೆಯುವುದರೊಳಗೆ ನಾವು ಹಾಕಿದ್ದು ನೂರು ಜನಕ್ಕೂ ಕಾಣದಂತಾಯಿತು, ಕಾಣಬೇಕಾದರೆ ಹಣ ಕಟ್ಟಿ ಎಂದರು. ಆ ಸಾವಿರಾರು ಜನರಲ್ಲಿ ಒಬ್ಬರ ವಿಳಾಸವೂ ನಮ್ಮಲ್ಲಿರಲಿಲ್ಲ.

ಈಗ ನಿಮ್ಮನ್ನು ತಟ್ಟಿರುವ ಬದಲಾವಣೆ ಸ್ವಲ್ಪ ಬೇರೆ ಬಗೆಯದು. 2024ರ ಆಗಸ್ಟಿನಿಂದ ಗೂಗಲ್ ನಮ್ಮ ದೇಶದಲ್ಲಿಯೂ, ಮೊದಲಿಗೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಹುಡುಕಿದವರಿಗೆ ಯಂತ್ರ ಬರೆದ ಸಾರಾಂಶವನ್ನು ಪುಟದ ನೆತ್ತಿಯಲ್ಲೇ ತೋರಿಸತೊಡಗಿತು. ಇಡ್ಲಿಗೆ ಅಕ್ಕಿ ಎಷ್ಟು, ಉದ್ದು ಎಷ್ಟು ಎಂದು ಕೇಳಿದವನಿಗೆ ಉತ್ತರ ಅಲ್ಲೇ ಸಿಕ್ಕಿದ ಮೇಲೆ ನಿಮ್ಮ ಬಾಗಿಲು ತಟ್ಟುವ ಅಗತ್ಯ ಅವನಿಗಿಲ್ಲ. ನಿಮ್ಮ ಆರುನೂರು ಬರಹಗಳಲ್ಲಿ ಹೆಚ್ಚಿನವು ಇಂಥ ಒಂದು ಸಾಲಿನ ಉತ್ತರವನ್ನು ಹತ್ತು ಪ್ಯಾರಾಗಳಿಗೆ ಹಿಗ್ಗಿಸಿದವು ಎಂದು ಹೇಳಿದರೆ ಬೇಸರಿಸಬೇಡಿ. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಬರೆಯುತ್ತಿದ್ದರು, ಬರಹ ಉದ್ದವಾದಷ್ಟೂ ಜಾಹೀರಾತಿಗೆ ಜಾಗ ಸಿಗುತ್ತಿತ್ತು. ಆ ಬರಹಗಳ ಓದುಗರು ಮರಳಿ ಬರುವುದಿಲ್ಲವೆಂದೇ ಲೆಕ್ಕ ಹಾಕಿ.

ಆದರೆ ನಿಮ್ಮ ಅಪ್ಪೆಮಿಡಿಯ ಬರಹವನ್ನು ನೋಡಿ. ಅನಂತಭಟ್ಟನ ಅಪ್ಪೆಗೂ ಜೀರಿಗೆ ಮಿಡಿಗೂ ವಾಸನೆಯಲ್ಲಿರುವ ವ್ಯತ್ಯಾಸ, ತೊಟ್ಟು ಮುರಿದರೆ ಸೊನೆ ಹರಿದುಹೋಗಿ ಮಿಡಿ ತನ್ನ ಘಮವನ್ನೇ ಕಳೆದುಕೊಳ್ಳುವುದು, ಭರಣಿಯಲ್ಲಿ ಹರಳುಪ್ಪಿನ ಜೊತೆ ಕೂತ ಮಿಡಿ ಯಾವ ದಿನ ಸುಕ್ಕು ಹಿಡಿಯಿತು, ಮೂರನೆಯ ವರ್ಷ ಒಂದು ಭರಣಿ ಪೂರ್ತಿ ಮೆತ್ತಗಾಗಿ ಕೊಟ್ಟಿಗೆಯ ಹಿಂದೆ ಸುರಿಯಬೇಕಾಗಿ ಬಂದದ್ದು, ಎಲ್ಲವೂ ಅದರಲ್ಲಿದೆ. ಕೆಳಗೆ ಓದುಗರು ಕೇಳಿದ ಪ್ರಶ್ನೆಗಳೇ ನೂರರ ಮೇಲಿವೆ. ನ್ಯೂಜೆರ್ಸಿಯಲ್ಲಿರುವ ಒಬ್ಬರು ಊರಿನಿಂದ ತಂದ ಮಿಡಿಯ ಉಪ್ಪುನೀರಿನ ಮೇಲೆ ಬಿಳಿ ಪೊರೆ ಕಟ್ಟಿದೆ, ಚೆಲ್ಲಲೇ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕೇಳಿದ್ದಾರೆ. ನೀವು ಮರುದಿನವೇ ಉತ್ತರಿಸಿದ್ದೀರಿ. ಆ ಓದುಗರಿಗೆ ಬೇಕಿದ್ದದ್ದು ಭರಣಿ ಕೆಡಿಸಿಕೊಂಡು ಕಲಿತವರ ಮಾತು, ಅದಕ್ಕಾಗಿಯೇ ಅವರು ನಿಮ್ಮಲ್ಲಿಗೆ ಬಂದರು. ವ್ಯಾಪಾರ ಬೆಳೆಯಬೇಕಾದ ಜಾಗ ಇದು. ನಿಮ್ಮ ಮೂರು ಪ್ರಶ್ನೆಗಳಿಗೂ ನನ್ನ ಉತ್ತರ ಇಲ್ಲಿಂದಲೇ ಹೊರಡುತ್ತದೆ.

ಯಂತ್ರದಿಂದ ದಿನಕ್ಕೆ ಮೂರು ಬರಹ ಬರೆಸುವ ಯೋಚನೆಯನ್ನು ಬಿಟ್ಟುಬಿಡಿ. ಹುಡುಕಾಟದಲ್ಲಿ ಮೇಲೆ ಬರುವುದಕ್ಕೆಂದೇ ರಾಶಿರಾಶಿಯಾಗಿ ಪುಟ ತಯಾರಿಸುವುದು, ಮನುಷ್ಯ ಬರೆದರೂ ಯಂತ್ರ ಬರೆದರೂ, ನಿಯಮಬಾಹಿರವೆಂದು ಗೂಗಲ್ 2024ರ ಮಾರ್ಚಿನಲ್ಲೇ ಸಾರಿದೆ. ನಿಯಮದ ಮಾತು ಹಾಗಿರಲಿ. ಇಡ್ಲಿಯ ಉತ್ತರವನ್ನು ಯಂತ್ರವೇ ಪುಕ್ಕಟೆಯಾಗಿ ಕೊಡುತ್ತಿರುವಾಗ ಅದೇ ಯಂತ್ರದಿಂದ ಬರೆಸಿದ ಇಡ್ಲಿಯ ಬರಹವನ್ನು ಓದಲು ನಿಮ್ಮಲ್ಲಿಗೆ ಬರುವವರು ಯಾರು? ಕಾಗುಣಿತ ತಿದ್ದಲು, ಹಳೆಯ ಬರಹಗಳ ಪಟ್ಟಿ ಮಾಡಲು ಅದನ್ನು ಧಾರಾಳವಾಗಿ ಬಳಸಿಕೊಳ್ಳಿ.

ಯೂಟ್ಯೂಬಿಗೆ ಹೋಗಬಾರದೆಂದು ಹೇಳಲಾರೆ. ಕೆಸುವಿನ ಎಲೆಯನ್ನು ಮಡಚುವ ಬಗೆಯನ್ನು ಎಷ್ಟು ಬರೆದರೂ ಕೈ ತೋರಿಸಿದಂತಾಗುವುದಿಲ್ಲ. ಅಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಸಾಮಾನ್ಯ ವಿಡಿಯೋಗಳ ದಾರಿಯಲ್ಲಿ ಸಾವಿರ ಚಂದಾದಾರರೂ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಬೇಕು, ಮತ್ತು ಅಲ್ಲಿನ ಚಂದಾದಾರರೆಂದರೆ ನಮ್ಮ ಪುಸ್ತಕದಲ್ಲಿರುವಂಥ ಚಂದಾದಾರರಲ್ಲ. ಅವರಿಗೆ ನಿಮ್ಮ ವಿಡಿಯೋ ತೋರಿಸಬೇಕೋ ಬೇಡವೋ ಎಂಬುದನ್ನು ಅಂಗಡಿಯವನೇ ನಿರ್ಧರಿಸುತ್ತಾನೆ. ಎರಡನೆಯ ಅಂಗಡಿಯೆಂದು ತಿಳಿದು ತೆರೆಯಿರಿ, ಮೊದಲನೆಯದನ್ನು ಮುಚ್ಚಬೇಡಿ.

ಇಂಗ್ಲಿಷಿನ ವಿಚಾರದಲ್ಲಿ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ತಾಣಗಳಲ್ಲಿ ಜಾಹೀರಾತು ತೋರಿಸಿ ಅದರ ಹಣದಲ್ಲಿ ಪಾಲು ಕೊಡುವ ಗೂಗಲಿನ ಆಡ್‌ಸೆನ್ಸ್ 2003ರಲ್ಲಿ ಶುರುವಾದರೂ ಹಿಂದಿಗೆ ಪ್ರವೇಶ ಸಿಕ್ಕಿದ್ದು 2014ರ ಡಿಸೆಂಬರಿನಲ್ಲಿ, ಕನ್ನಡದ ಸರದಿ ಬಂದದ್ದು ಅದರ ಎಷ್ಟೋ ಕಾಲದ ಮೇಲೆ. ಇಂದಿಗೂ ಕನ್ನಡ ಪುಟದ ಜಾಹೀರಾತಿಗೆ ಇಂಗ್ಲಿಷ್ ಪುಟದ ಬೆಲೆಯಿಲ್ಲ. ಆದರೆ ಇಂಗ್ಲಿಷಿನಲ್ಲಿ ನೀವು ಲಕ್ಷಾಂತರ ಅಡುಗೆ ಬ್ಲಾಗುಗಳ ನಡುವೆ ಮತ್ತೊಂದಾಗುತ್ತೀರಿ, ಆ ಕಡೆ ಯಂತ್ರದ ಸಾರಾಂಶದ ಪೆಟ್ಟೂ ಜೋರು. ಇಂಗ್ಲಿಷಿಗೆ ಹೋಗದೆ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ನಿಮ್ಮ ಓದುಗರಲ್ಲಿ ಬಹಳ ಮಂದಿ ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ ಹುಡುಕುವವರು, ಹಾಗೆಯೇ ಒಂದೆಲಗವನ್ನು ಕರಾವಳಿಯವರು ತಿಮರೆ ಎಂದು ಹುಡುಕುತ್ತಾರೆ. ಬರಹದ ಮೊದಲ ಪ್ಯಾರಾದಲ್ಲಿ ಈ ಹೆಸರುಗಳನ್ನೆಲ್ಲ ಸಹಜವಾಗಿ ಬರುವಂತೆ ಸೇರಿಸಿ. ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿಡಿ.

ಹಾಗಾದರೆ ಹಣ? ಅಮೆರಿಕದ ಜೇಸನ್ ಕಾಟ್ಕಿ ಎಂಬವರು 1998ರಿಂದ ತಮ್ಮ ಹೆಸರಿನದೇ ತಾಣದಲ್ಲಿ ಬ್ಲಾಗ್ ಬರೆಯುತ್ತಾ ಬಂದವರು. 2005ರ ಫೆಬ್ರವರಿಯಲ್ಲಿ ಕೆಲಸ ಬಿಟ್ಟು, ಜಾಹೀರಾತು ಹಾಕದೆ, ಓದುಗರಿಂದಲೇ ನೇರವಾಗಿ ಹಣ ಕೇಳಿದರು. ಸುಮಾರು 1,450 ಮಂದಿ ಸೇರಿ 39,900 ಡಾಲರ್ ಕೊಟ್ಟರು. ಚಿಕ್ಕ ಮೊತ್ತವೇನಲ್ಲ, ಆದರೂ ಒಂದು ವರ್ಷದ ಬಳಿಕ ಅವರು ಆ ದಾರಿ ಬಿಟ್ಟು ಜಾಹೀರಾತಿಗೆ ಹೋದರು. ಅವರು ನೆಚ್ಚಿದ್ದ ಸಣ್ಣ ಜಾಹೀರಾತು ಜಾಲ 2017ರಲ್ಲಿ ಮುಚ್ಚಿತು. ಅದೃಷ್ಟವೋ ಮುಂದಾಲೋಚನೆಯೋ, ಅದಕ್ಕೆ ಕೆಲವೇ ತಿಂಗಳು ಮೊದಲು, 2016ರ ಕೊನೆಯಲ್ಲಿ, ಅವರು ಮತ್ತೆ ಓದುಗರ ಸದಸ್ಯತ್ವ ಆರಂಭಿಸಿದ್ದರು. ಬರಹಗಳನ್ನು ಎಲ್ಲರಿಗೂ ತೆರೆದಿಟ್ಟೇ ತಾಣವನ್ನು ನಡೆಸಿಕೊಂಡು ಬಂದರು. ಒಮ್ಮೆ ಸೋತ ಉಪಾಯ ಹತ್ತು ವರ್ಷ ಕಳೆದ ಮೇಲೆ ಫಲಿಸಿತು, ಏಕೆಂದರೆ ನಡುವೆ ಜನರಿಗೆ ಅಂತರ್ಜಾಲದಲ್ಲಿ ಸಣ್ಣ ಮೊತ್ತ ಕೊಡುವುದು ರೂಢಿಯಾಗಿತ್ತು. ನಮ್ಮಲ್ಲಿಯೂ ಯುಪಿಐ ಬಂದ ಮೇಲೆ ಐವತ್ತು ರೂಪಾಯಿ ಕಳಿಸುವುದು ಕಷ್ಟದ ಕೆಲಸವಾಗಿ ಉಳಿದಿಲ್ಲ. 2014ರಲ್ಲಿ ನೀವು ಹಣ ಕೇಳಿದ್ದರೆ ಓದುಗರು ಮನಿಯಾರ್ಡರ್ ಬರೆಯಬೇಕಿತ್ತು, ಇಲ್ಲವೇ ಬ್ಯಾಂಕ್ ಖಾತೆಯ ವಿವರಗಳನ್ನೆಲ್ಲ ತುಂಬಬೇಕಿತ್ತು. ಆಗ್ರಾದ ಅಮಿತ್ ಅಗರ್ವಾಲ್ 2004ರಲ್ಲಿ ತಂತ್ರಜ್ಞಾನದ ಬ್ಲಾಗ್ ಶುರುಮಾಡಿ, ಆಮೇಲೆ ತಮ್ಮ ಓದುಗರ ಕೆಲಸಕ್ಕೆ ಬೇಕಾದ ಸಣ್ಣ ತಂತ್ರಾಂಶಗಳನ್ನೂ ಮಾಡಿಕೊಡತೊಡಗಿದರು. ಓದುಗನ ಪ್ರಶ್ನೆಯೇ ಮಾರಾಟದ ಸರಕನ್ನು ತೋರಿಸಿಕೊಡುವುದು ಹೀಗೆ.

ನಿಮ್ಮ ಮಟ್ಟಿಗೆ ನಾನು ಹೇಳುವುದು ಇಷ್ಟು. ಸ್ವಂತ ಡೊಮೇನ್ ಹೆಸರೊಂದನ್ನು, ಅಂದರೆ ಅಂತರ್ಜಾಲದಲ್ಲಿ ನಿಮ್ಮದೇ ಆದ ತಾಣದ ಹೆಸರನ್ನು, ಕೊಳ್ಳಿ, ಬ್ಲಾಗಿನ ಪೂರ್ತಿ ಬ್ಯಾಕಪ್ ಇಳಿಸಿ ಮಗಳ ಲ್ಯಾಪ್‌ಟಾಪಿನಲ್ಲೂ ಒಂದು ಪ್ರತಿ ಇಡಿ. ಆಮೇಲೆ ವಿಳಾಸದ ಪುಸ್ತಕ: ಓದುಗರ ಇಮೇಲನ್ನು ಅವರ ಒಪ್ಪಿಗೆಯಿಂದ ಪಡೆದು ತಿಂಗಳಿಗೊಂದು ಪತ್ರ ಕಳಿಸಿ. ವಾಟ್ಸ್ಯಾಪ್ ಚಾನೆಲ್ ಸುಲಭವೆಂದು ಬಲ್ಲವರು ಹೇಳುತ್ತಾರೆ, ಮಾಡಿ, ಆದರೆ ಆ ಪಟ್ಟಿ ನಿಮ್ಮ ಕೈಯಲ್ಲಿರುವುದಿಲ್ಲ. ಪತ್ರದಲ್ಲಿ ಆ ತಿಂಗಳ ಅಡುಗೆ, ಓದುಗರ ಒಂದು ಪ್ರಶ್ನೆ, ನಿಮ್ಮದೊಂದು ಸೋಲು ಇದ್ದರೆ ಸಾಕು. ಆರು ತಿಂಗಳು ಏನನ್ನೂ ಮಾರಬೇಡಿ. ಬಳಿಕ ಮಿಡಿ ಹಾಕುವುದನ್ನು ಕಲಿಸುವ ಎರಡು ಗಂಟೆಯ ಆನ್‌ಲೈನ್ ತರಗತಿಯನ್ನು ಹಣಕ್ಕೆ ನಡೆಸಬಹುದು. ಉಪ್ಪಿನಕಾಯಿಯನ್ನೇ ಮಾರುವುದಾದರೆ ಮನೆಯಲ್ಲಿ ಮಾಡಿದ್ದಕ್ಕೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕೆಂಬುದು ನೆನಪಿರಲಿ. ಕಂಪನಿಯೊಂದು ಹಣ ಕೊಟ್ಟು ತನ್ನ ಮಿಕ್ಸಿಯನ್ನು ಹೊಗಳಿಸಿದರೆ ಅದು ಜಾಹೀರಾತೆಂದು ಮೇಲೆಯೇ ಬರೆಯಬೇಕು, ನಿಯಮವೂ ಅದನ್ನೇ ಹೇಳುತ್ತದೆ. ಆರುನೂರು ಬರಹಗಳಲ್ಲಿ ಟೊಳ್ಳಾದವನ್ನು ಒಂದಕ್ಕೊಂದು ಸೇರಿಸಿ ಇನ್ನೂರಕ್ಕೆ ಇಳಿಸುವ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಮಿಡಿಯ ಕಾಲ ಶುರುವಾಗುವ ಮುಂಚೆ, ಅಂದರೆ ಜನವರಿಯೊಳಗೆ, ಅಪ್ಪೆಮಿಡಿಯ ಬರಹದ ಕೆಳಗೆ ವಿಳಾಸ ಕೇಳುವ ಪೆಟ್ಟಿಗೆ ಇರಲಿ. ಆ ಬರಹಕ್ಕೆ ಹೆಚ್ಚು ಜನ ಬರುವುದು ಅದರ ಮುಂದಿನ ಮೂರು ತಿಂಗಳಲ್ಲಿ. ನಲವತ್ತೇ ವಿಳಾಸ ಬಂದರೂ ಮೊದಲ ಪತ್ರ ಕಳಿಸಿ. ಅವುಗಳಲ್ಲಿ ನನ್ನದೂ ಒಂದಿರುತ್ತದೆ, ಪ್ರಶ್ನೆಯನ್ನೂ ಈಗಲೇ ಕೇಳಿಬಿಡುತ್ತೇನೆ: ಪೇಟೆಯಲ್ಲಿ ನಮಗೆ ತೊಟ್ಟು ಮುರಿದ ಮಿಡಿಯೇ ಸಿಗುವುದಾದರೆ, ಉಪ್ಪನ್ನು ಹೆಚ್ಚಿಸಬೇಕೇ, ಇಲ್ಲವೇ ಆ ವರ್ಷ ಉಪ್ಪಿನಕಾಯಿಯ ಆಸೆಯನ್ನೇ ಬಿಡಬೇಕೇ?

– ಸಂಪಾದಕ